ನನ್ನ ದವಡೆ ಮತ್ತು ಜಯಕ್ಕನ ಸಂಧಾನ

ನೋವಿಗೆ ಕೃತಜ್ಞತೆ ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೂ ನನ್ನ ದವಡೆಯ ವಿಷಯದಲ್ಲಿ ಹೇಳಲೇಬೇಕಾಗಿದೆ. ಬಹಳ ಕಾಲದಿಂದ ಕಿವಿಯ ಬುಡದಿಂದ ಗಲ್ಲದವರೆಗೆ ಹಿಡಿದುಕೊಂಡ ನೋವು. ಮೆತ್ತಗಿನ ನೀರುದೋಸೆ ಜಗಿದರೂ ಕಣ್ಣಲ್ಲಿ ನೀರು. ಆಮೇಲಾಮೇಲೆ ಫ್ಯಾನಿನ ಗಾಳಿ ತಾಗಿದರೂ ಸಹಿಸಲಾಗುತ್ತಿರಲಿಲ್ಲ. "ನೀನು ಮಾತು ಸ್ವಲ್ಪ ಕಮ್ಮಿ ಮಾಡಿದ್ರೆ ಸರಿಯಾಗ್ತದೆ" ಎಂದರು ಯಜಮಾನರು. ನನ್ನ ನೋವು ಹೋಗುವುದಕ್ಕಿಂತ ಮಾತು ಕಮ್ಮಿಯಾಗುವುದರ ಮೇಲೆಯೇ ಅವರಿಗೆ ಹೆಚ್ಚು ಆಸೆ ಇದ್ದಂತಿತ್ತು.

ನನ್ನ ಹೆದರಿಕೆಯೂ ಅದೇ. ನಮ್ಮದೊಂದು ಹೆಂಗಸರ ತಾಳಮದ್ದಳೆ ತಂಡವಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ವಾದಿಸುವುದು. ಸಂಧಾನಕ್ಕೆ ಬಂದ ದೂತನನ್ನು ಧಿಕ್ಕರಿಸಿ ಯುದ್ಧಕ್ಕೆ ಹೊರಡುವ ರಾಜ ಯಾವಾಗಲೂ ನಾನೇ. ದೂತ ಜಯಕ್ಕ. ಮಾತು ನಿಂತರೆ ಮನೆಯಾಚೆ ನನಗಿರುವ ಒಂದೇ ಸುಖವೂ ಹೋದಂತೆ. ಅದಕ್ಕೇ ಪುತ್ತೂರಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ, "ಯಾವ ಹಲ್ಲಾದರೂ ಅಡ್ಡಿಲ್ಲ, ಕಿತ್ತುಬಿಡಿ" ಎಂದು ಬೇಡಿಕೊಂಡೆ. ಕೀಳಲಿಲ್ಲ; ಅವರಿಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. "ಹಲ್ಲಿಗೆ ಎಂತದೂ ಆಗ್ಲಿಲ್ಲ ಅಕ್ಕ. ದವಡೆ ಬಿಗಿಹಿಡಿದು ಹಿಡಿದು ಸ್ನಾಯು ಸೋತಿದೆ. ನರಗಳಿಗೂ ಹೆದರಿಕೆ ಕೂತಿದೆ, ಗಾಳಿ ತಾಗಿದ್ರೂ ಬೊಬ್ಬೆ ಹಾಕ್ತವೆ. ಮಾತಾಡಿ, ತೊಂದರೆ ಇಲ್ಲ. ಹಲ್ಲು ಕಚ್ಚುದು ಯಾವಾಗ ಅಂತ ನೋಡ್ಕೊಳ್ಳಿ. ತುಟಿ ಮುಚ್ಚಿರ್ಲಿ, ಹಲ್ಲಿಗೆ ಹಲ್ಲು ತಾಗುದು ಬೇಡ" ಎಂದರು.

ನೋಡಿಕೊಂಡೆ. ನಾನು ಹಲ್ಲು ಕಚ್ಚುತ್ತಿದ್ದದ್ದು ಮಾತಾಡುವಾಗಲ್ಲ, ಜಯಕ್ಕ ಮಾತಾಡುವಾಗ! ಅವರು ಯಾವಾಗ ನಿಲ್ಲಿಸುತ್ತಾರೆಂದು ಕಾಯುತ್ತ, ನನ್ನ ಉತ್ತರವನ್ನು ಬಾಯಲ್ಲೇ ಹಿಡಿದು ಕೂತಿರುತ್ತಿದ್ದೆ.

ಮುಂದಿನ ಕೂಟ ಕಡಬದಲ್ಲಿ, ಒಂದು ಗೃಹಪ್ರವೇಶದ ಮನೆಯಲ್ಲಿ. ಹಲ್ಲಿಗೆ ಹಲ್ಲು ತಾಗಿಸದೆ ಕೂತೆ. ಹಾಗೆ ಕೂತರೆ ಸಿಟ್ಟು ಬರುವುದೇ ಕಷ್ಟ, ಬೇಕಾದರೆ ನೀವೂ ನೋಡಿ. ಬೇರೆ ಕೆಲಸವಿಲ್ಲದೆ ಜಯಕ್ಕನ ಮಾತು ಕೇಳಿದೆ. ಯುದ್ಧದಲ್ಲಿ ಸತ್ತವರ ತಾಯಂದಿರ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರು! ನನ್ನ ಸರದಿ ಬಂದಾಗ ಕಣ್ಣೊರೆಸಿಕೊಂಡು, "ನೀನು ಹೇಳುವುದು ಸರಿ. ಯುದ್ಧ ಬೇಡ" ಎಂದುಬಿಟ್ಟೆ. ಮದ್ದಳೆ ನಿಂತಿತು. ಭಾಗವತರು ನನ್ನತ್ತ ಬಾಗಿ, "ಎಂತ ಅಕ್ಕ, ಕತೆ ಇಲ್ಲಿಗೇ ಮುಗಿಸುದಾ?" ಎಂದು ಪಿಸುಗುಟ್ಟಿ, ಯುದ್ಧದ ಪದ್ಯ ಎತ್ತಿಕೊಂಡು ಹೇಗೋ ಮಾನ ಉಳಿಸಿದರು.

ಊಟದ ಹೊತ್ತಿಗೆ ಜಯಕ್ಕ ಹತ್ತಿರ ಬಂದರು. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, "ಇಷ್ಟು ವರ್ಷ ನಿನ್ನೆದುರು ಕೂತಿದ್ದೇನೆ ಮಾರಾಯ್ತಿ. ನನ್ನ ಮಾತು ನೀನು ಕೇಳಿದ್ದು ಇವತ್ತೇ" ಎಂದರು. ಪಕ್ಕದ ಎಲೆಗೆ ಅವರನ್ನೇ ಕೂರಿಸಿಕೊಂಡೆ.

ನೋವು ಪೂರ್ತಿ ಹೋಗಿಲ್ಲ, ಆದರೆ ಬಹಳ ಇಳಿದಿದೆ. ಅದು ಬಾರದಿದ್ದರೆ ಜಯಕ್ಕ ನನಗೆ ಸಿಗುತ್ತಲೇ ಇರಲಿಲ್ಲ. ತೊಂದರೆ ಒಂದೇ: ನಾನು ಕೇಳುತ್ತೇನೆಂದು ಗೊತ್ತಾದ ಮೇಲೆ ಅವರು ಮಾತು ನಿಲ್ಲಿಸುವುದೇ ಇಲ್ಲ. ಮೊನ್ನೆ ಸುಳ್ಯದ ಕೂಟದಲ್ಲಿ ರಾಜನ ಪಾಲಿಗೆ ಉಳಿದದ್ದು ಒಂದು ಹೂಂಕಾರ ಮಾತ್ರ. ಅದನ್ನೂ ಹಲ್ಲು ಕಚ್ಚದೆ ಹಾಕಿದೆ.