ಕೋಳಿಗೆ ನಾಲ್ಕು, ಸೊಪ್ಪಿಗೆ ನಾಲ್ಕು

ಅರಸೀಕೆರೆಯಲ್ಲಿ ನನ್ನ ಸೋದರಮಾವನನ್ನು ತೂಗಬಲ್ಲ ತಕ್ಕಡಿ ಇದ್ದದ್ದು ಒಂದೇ ಒಂದು. ಅದನ್ನು ರೈಲ್ವೆಯವರು ಕೊಬ್ಬರಿ ಮೂಟೆಗಳಿಗಾಗಿ ಇಟ್ಟಿದ್ದರು!

ಇದು ಉತ್ಪ್ರೇಕ್ಷೆಯಲ್ಲ. ನಾನು ಉತ್ಪ್ರೇಕ್ಷೆ ಮಾಡುವವಳಲ್ಲ, ದಿನಚರಿ ಬರೆಯುವವಳು. ಎಂಬತ್ತರ ದಶಕದ ಮೊದಲಲ್ಲಿ ಗೆಂಡೆಹಳ್ಳಿಯಿಂದ ಪಿಯುಸಿ ಓದಲು ಬಂದು ಮಾವನ ಮನೆಯಲ್ಲಿ ಎರಡು ವರ್ಷ ಇದ್ದೆ. ಆ ಎರಡು ವರ್ಷದಲ್ಲಿ ಬಂದ ನೆಂಟರೆಷ್ಟು, ಕರೆಂಟು ಹೋದದ್ದು ಎಷ್ಟು ಸಲ, ಅತ್ತೆ ಮಾವನನ್ನು ಬೈದದ್ದು ಎಷ್ಟು ಸಲ ಎಂಬುದೆಲ್ಲ ನನ್ನ ಪುಸ್ತಕದಲ್ಲಿ ಈಗಲೂ ಇದೆ. ಕೊನೆಯದಕ್ಕೆ ಎರಡನೇ ಪುಸ್ತಕ ಕೊಳ್ಳಬೇಕಾಯಿತು.

ಮಾವ ಕಲ್ಲಿದ್ದಲಿನ ಇಂಜಿನ್ನಿನ ಡ್ರೈವರು. ಹದಿನೆಂಟು ವರ್ಷದಿಂದ ಶಿವಮೊಗ್ಗದ ಗಾಡಿ ಓಡಿಸುತ್ತಿದ್ದರು. ಊಟಕ್ಕೆ ಕೂತವರು ದೂರದಲ್ಲಿ ಗಾಡಿಯ ಸದ್ದು ಕೇಳಿದರೆ ತುತ್ತು ಹಿಡಿದ ಕೈ ನಿಲ್ಲಿಸಿ, "ಇದು ನಂದಲ್ಲ, ಇದಕ್ಕೆ ಕೆಮ್ಮು" ಅನ್ನುತ್ತಿದ್ದರು. ಮನೆಯಲ್ಲಿ ನಾನು ಎರಡು ದಿನ ಕೆಮ್ಮಿದ್ದು ಮಾತ್ರ ಅವರಿಗೆ ಗೊತ್ತಾಗಿರಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ರೈಲ್ವೆ ಡಾಕ್ಟರು ಮಾವನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ತೂಕ ನೂರಾ ಒಂದು ಕಿಲೋ ಎಂದು ಬರೆದುಕೊಂಡು ಹೇಳಿದರಂತೆ: "ಮೂರು ತಿಂಗಳು ಟೈಮು ಕೊಡ್ತೀನಿ. ತೊಂಬತ್ತಕ್ಕೆ ಇಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಇಂಜಿನ್ನಿಂದ ನಿಮ್ಮನ್ನೇ ಇಳಿಸ್ತೀನಿ."

ಅಂದು ಮಾವ ಊಟ ಮಾಡಲಿಲ್ಲ. ಹೀಗೆಂದು ನಾನು ಬರೆದುಕೊಂಡೆ. ಅಂಥದ್ದನ್ನು ಅದೇ ಮೊದಲ ಸಲ ಬರೆದದ್ದು.

ಇಳಿಸುವುದೇನೋ ಸರಿ, ಏನು ತಿಂದು ಇಳಿಸುವುದು? ಇಲ್ಲಿ ಪಾರ್ಸೆಲ್ ಆಫೀಸಿನ ಗುಮಾಸ್ತರು ಪ್ರವೇಶಿಸಿದರು. ಹಳೇಬೀಡಿನ ಜೈನರು, ಮಾವನ ಜೀವದ ಗೆಳೆಯರು. ಕೊಡೆಯನ್ನು ಮಡಿಚಿ ಪಕ್ಕದಲ್ಲಿ ನಿಲ್ಲಿಸಿದರೆ ಎರಡರಲ್ಲಿ ಯಾವುದು ತೆಳ್ಳಗಿದೆ ಎಂದು ಹೇಳುವುದು ಕಷ್ಟ.

"ಸೊಪ್ಪು ತರಕಾರಿ ತಿನ್ನಿ ಡ್ರೈವರ್ರೇ. ನನ್ನನ್ನ ನೋಡಿ."

"ನಿನ್ನನ್ನ ನೋಡೇ ಕಣಯ್ಯ ಭಯ ಆಗಿರೋದು! ನಿಮ್ಮೂರ ದೇವಸ್ಥಾನದ ಗೋಡೆ ನೋಡಿದೀಯಾ? ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ. ಸೊಪ್ಪು ತಿನ್ನೋದು ಯಾವ್ದು? ಆನೆ. ಹೊಟ್ಟೆ ಯಾರಿಗೈತೆ? ಆನೆಗೆ. ಮಾಂಸ ತಿನ್ನೋ ಸಿಂಹದ ಸೊಂಟ ನೋಡು, ಹಿಡೀಲಿ ಹಿಡೀಬೌದು!"

"ಆ ಸಿಂಹಾನ ಹೊತ್ಕೊಂಡು ನಿಂತಿರೋದು ಯಾರು? ಆನೆನೇ ಅಲ್ವಾ?"

ವಾದದಲ್ಲಿ ಸಿಕ್ಕಿಬಿದ್ದಾಗ ಮಾವ ಮಾಡುವುದು ಒಂದೇ ಕೆಲಸ, ನನ್ನನ್ನು ಕರೆಯುವುದು. "ಪುಸ್ತಕ ತಗೊಂಡು ಬಾ ಕಣಮ್ಮಿ. ಎರಡನ್ನೂ ತಿಂದು ನೋಡೇಬಿಡಾನ. ಮೊದ್ಲು ಅರ್ಧ ಕೋಳಿ, ಆಮೇಲರ್ಧ ಸೊಪ್ಪು."

ನಾನು ನಾಲ್ಕು ಕಾಲಮ್ಮು ಗೆರೆ ಹಾಕಿದೆ: ದಿನ, ತಿಂದದ್ದು, ಡ್ಯೂಟಿ, ತೂಕ. ಪ್ರತಿ ಸೋಮವಾರ ಬೆಳಿಗ್ಗೆ ಪಾರ್ಸೆಲ್ ಆಫೀಸಿನ ತಕ್ಕಡಿಯ ಕಬ್ಬಿಣದ ಹಲಗೆಯ ಮೇಲೆ ಮಾವ ನಿಲ್ಲುವುದು, ಗುಮಾಸ್ತರು ಗುಂಡು ಸರಿಸುವುದು, ನಾನು ಬರೆಯುವುದು ಎಂದು ಗೊತ್ತುಮಾಡಿಕೊಂಡೆವು.

ಮೊದಲ ಸೋಮವಾರವೇ ಜಗಳ. ಮಾವ ಡ್ಯೂಟಿ ಮುಗಿಸಿ ಬೂಟು, ಕೋಟು, ಜೇಬಿನ ತುಂಬ ಸ್ಪಾನರು ಇಟ್ಟುಕೊಂಡು ಹತ್ತಿದರು. ನೂರಾ ನಾಲ್ಕು! "ಮೂಟೆಗೆ ಚೀಲದ ತೂಕ ಕಳೀತೀಯ, ನಂಗ್ಯಾಕೆ ಕಳೆಯಲ್ಲ?" ಎಂದು ಮಾವ ಕೂಗಾಡಿದರು. ಗುಮಾಸ್ತರು, "ಚೀಲ ಬಿಚ್ಚಿ, ಕಳೀತೀನಿ" ಅಂದರು. ಕೊಬ್ಬರಿ ಕಳಿಸಲು ಬಂದಿದ್ದ ರೈತರೆಲ್ಲ ಕಾದು ನಿಂತರು. ಮುಂದಿನ ವಾರದಿಂದ ಪಂಚೆ, ಬನಿಯನ್ನು ಮಾತ್ರ ಎಂದು ನಿಯಮ ಮಾಡಿದೆ.

ಆಷಾಢ ಕೋಳಿಯ ಪಾಲಿಗೆ ಬಂತು. ಮುದ್ದೆ ಅರ್ಧ, ನಾಟಿಕೋಳಿ ಸಾರು ಬೇಕಾದಷ್ಟು. ಆದರೆ ನಮ್ಮ ಮನೆಯಲ್ಲಿ ಸೋಮವಾರ ತಿನ್ನುವಂತಿಲ್ಲ, ಶನಿವಾರ ತಿನ್ನುವಂತಿಲ್ಲ, ಏಕಾದಶಿಗೆ ಇಲ್ಲ. ಪ್ರಯೋಗ ಹೇಗೋ ಕುಂಟುತ್ತ ಸಾಗಿ ಮೂವತ್ತನೇ ದಿನ ಮುಟ್ಟಿತು. ಇನ್ನೂ ಹದಿನೈದು ದಿನ ಕೋಳಿಯ ಹಕ್ಕು ಬಾಕಿ ಇತ್ತು. ಅತ್ತೆ ಸಾರಿನ ಮಡಕೆ ತೊಳೆದು ಅಟ್ಟಕ್ಕೆ ಏರಿಸಿದರು.

"ಯಾಕೆ?" ಎಂದರು ಮಾವ.

"ನಾಳೆಯಿಂದ ಶ್ರಾವಣ."

ಮಾವ, ನಾನು, ಗುಮಾಸ್ತರು, ಮೂವರೂ ಲೆಕ್ಕದಲ್ಲಿ ಪಂಡಿತರು. ಒಬ್ಬರಿಗೂ ಶ್ರಾವಣ ನೆನಪಾಗಿರಲಿಲ್ಲ! ಕೋಳಿಯ ಖಾತೆ ನಾಲ್ಕು ಕಿಲೋ ಇಳಿಕೆಯೊಂದಿಗೆ ಅರ್ಧದಲ್ಲೇ ಮುಚ್ಚಿತು.

ಶ್ರಾವಣ ಪೂರ್ತಿ ಗುಮಾಸ್ತರ ಆಡಳಿತ. ಈರುಳ್ಳಿ ಇಲ್ಲ, ಆಲೂಗೆಡ್ಡೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಗಾಡಿಗೆ ಹೊತ್ತು ಮುಳುಗುವುದರ ಪರಿವೆ ಇದೆಯೇ? ಒಂದು ಸಂಜೆ ಬಾಣಾವರದ ಸಿಗ್ನಲ್ಲು ಬೀಳದೆ ಗಾಡಿ ನಿಂತಿತ್ತು. ಮಾವ ಇಂಜಿನ್ನಿನಲ್ಲೇ ನಿಂತು ಊಟದ ಕ್ಯಾರಿಯರ್ ಬಿಚ್ಚಿದರು. ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ ಹೊರಗೆ ತಲೆ ಹಾಕಿ ಸೂರ್ಯನನ್ನು ಕಾಯುತ್ತಿದ್ದ. "ಇನ್ನೂ ಅರ್ಧ ಐತೆ ಸಾಮಿ, ನುಂಗಿ! ಕಾಲು ಐತೆ! ನುಂಗಿ ಸಾಮಿ, ಹೋಯ್ತು, ಹೋಯ್ತು!" ಸಿಗ್ನಲ್ಲು ಬಿದ್ದದ್ದನ್ನು ಇಬ್ಬರೂ ನೋಡಲಿಲ್ಲ. ಹಿಂದಿನಿಂದ ಗಾರ್ಡು ಸಿಳ್ಳೆ ಊದಿ ಊದಿ ಸುಸ್ತಾದರಂತೆ.

ಶ್ರಾವಣದ ಕೊನೆಗೆ ತೂಗಿದಾಗ ತೊಂಬತ್ತಮೂರು. ಅಂದರೆ ಸೊಪ್ಪಿಗೂ ನಾಲ್ಕೇ ಕಿಲೋ!

ಇಬ್ಬರೂ ಗೆದ್ದೆವೆಂದು ಕುಣಿದಾಡಿದರು. ನಾನು ಮಾತ್ರ ಮೂರನೇ ಕಾಲಮ್ಮು ನೋಡುತ್ತ ಕೂತೆ. ಡ್ಯೂಟಿ ಹೆಚ್ಚಿದ್ದ ವಾರದಲ್ಲಿ ತೂಕ ಇಳಿದಿತ್ತು, ರಜೆ ಹಾಕಿದ ವಾರದಲ್ಲಿ ನಿಂತಿತ್ತು. ಕೋಳಿಯಾದರೂ ಹೀಗೇ, ಸೊಪ್ಪಾದರೂ ಹೀಗೇ. ಫೈರ್‌ಮನ್ನನ್ನು ಕೇಳಿದೆ. ಅವನು ನಾಚಿಕೊಂಡು ಹೇಳಿದ, "ಎರಡು ತಿಂಗ್ಳಿಂದ ಸಲಿಕೆ ನನ್ ಕೈಗೆ ಕೊಟ್ಟಿಲ್ಲ ಅಕ್ಕಾವ್ರೇ. ಕಲ್ಲಿದ್ದಲೆಲ್ಲ ಅವ್ರೇ ಎಸೀತಾರೆ. ನಾನು ಸುಮ್ನೆ ನಿಂತಿರ್ತೀನಿ." ಅವನನ್ನೂ ತಕ್ಕಡಿಗೆ ಹತ್ತಿಸಿದೆ. ತನ್ನ ತೂಕ ಎರಡು ಕಿಲೋ ಏರಿದೆ ಎಂದು ಅವನೇ ಒಪ್ಪಿಕೊಂಡ!

ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಮಾವ ಹೋಳಿಗೆಯ ಮುಂದೆ ಕೂತು ಗುಮಾಸ್ತರಿಗೆ ಪಾಠ ಹೇಳಿದರು: "ಬೇಳೆ ಗಿಡದ್ದು. ಬೆಲ್ಲ ಎಲ್ಲಿಂದ ಬತ್ತದೆ? ಕಬ್ಬಿಂದ. ಕಬ್ಬು ಅಂದ್ರೇನು? ಹುಲ್ಲು! ನಾನು ಹುಲ್ಲು ತಿಂತಾ ಇವ್ನಿ ಕಣಯ್ಯ." ಆ ವಾರ ತಿಂದ ಹುಲ್ಲು ಹನ್ನೊಂದು ಹೋಳಿಗೆ, ಏರಿದ್ದು ಒಂದು ಕಿಲೋ. ಮತ್ತೆ ಹೊಟ್ಟೆ ಕಟ್ಟಿ, ಮತ್ತೆ ಸಲಿಕೆ ಹಿಡಿದು, ಪಿತೃಪಕ್ಷ ಮುಗಿಯುವ ಹಿಂದಿನ ದಿನ ಮಾವ ತೊಂಬತ್ತೂವರೆಗೆ ಬಂದು ನಿಂತರು. ಇನ್ನು ಅರ್ಧ ಕಿಲೋ. ಡಾಕ್ಟರ ಪರೀಕ್ಷೆ ಮಂಗಳವಾರ.

ಭಾನುವಾರ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅಟ್ಟದ ಮಡಕೆ ಇಳಿದಿತ್ತು. ಸತ್ತ ಹಿರಿಯರಿಗೆ ಪ್ರಿಯವಾದದ್ದನ್ನೆಲ್ಲ ಬೇಯಿಸಬೇಕು. ಅಜ್ಜನಿಗೆ ಕೈಮಾ ಉಂಡೆ, ಅಜ್ಜಿಗೆ ಕೋಳಿ ಸಾರು. "ನಾನು ಕೈಮುಗ್ದು ಎದ್ದುಬಿಡ್ತೀನಿ. ನಂಗೊಂದು ಲೋಟ ಮಜ್ಜಿಗೆ ಸಾಕು" ಎಂದು ಮಾವ ಬೆಳಿಗ್ಗೆಯೇ ಸಾರಿದ್ದರು.

ಎಡೆಯ ಎಲೆ ತರುತ್ತಿದ್ದ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಬಿದ್ದರು. ಮಾವ ಓಡಿಹೋಗಿ ಎರಡು ಕೈಯಲ್ಲಿ ಎತ್ತಿಕೊಂಡರು. ಎತ್ತಿಕೊಂಡವರು ಹಾಗೇ ನಿಂತುಬಿಟ್ಟರು. ದಿನವೂ ಸಲಿಕೆಗಟ್ಟಲೆ ಕಲ್ಲಿದ್ದಲು ಎತ್ತಿದ ಕೈ ಅದು, ಅದಕ್ಕೆ ತೂಕ ತಿಳಿಯುತ್ತದೆ.

"ಇದೇನಮ್ಮಿ," ಎಂದರು ನನ್ನ ಕಡೆ ತಿರುಗಿ, "ಇವ್ಳು ಇಷ್ಟೇನಾ ಇರೋದು?"

ಮೂರು ತಿಂಗಳು ಒಂದು ದಿನ ಬಿಡದೆ ಬರೆದ ಪುಸ್ತಕದಲ್ಲಿ ಅತ್ತೆಗೆ ಒಂದು ಕಾಲಮ್ಮೂ ಇರಲಿಲ್ಲ.

ನೀರು ಕುಡಿಸಿ ಗೋಡೆಗೆ ಒರಗಿಸಿ ಕೂರಿಸಿದೆವು. ಅತ್ತೆಯ ಕೈಯ ಬಳೆಗಳು ಮೊಣಕೈವರೆಗೆ ಸರಿದವು.

"ಎಷ್ಟು ದಿನದಿಂದ ಉಪ್ವಾಸ ಇದೀಯೇ?"

"ಉಪ್ವಾಸ ಏನಿಲ್ಲ. ನೀವುಂಡಷ್ಟೇ ನಾನೂ ಉಂಡಿದೀನಿ. ನೀವು ಅರ್ಧ ಮುದ್ದೆ ತಿಂದು ಬೆಂಕಿ ಮುಂದೆ ನಿಂತ್ಕತೀರಿ. ನಾನು ನೆರಳಲ್ಲಿ ಕೂತ್ಕಂಡು ಇಡೀ ಮುದ್ದೆ ನುಂಗ್ಲಾ? ಗಂಟ್ಲಲ್ಲಿ ಇಳೀಬ್ಯಾಡ್ವಾ?"

"ಸರಿ, ಈಗ ತಿನ್ನು."

"ನೀವು?"

"ನಂಗೆ ಮಂಗಳವಾರ ಐತಲ್ಲೇ."

"ಹಂಗಾದ್ರೆ ನಂಗೂ ಮಂಗಳವಾರಾನೇ."

ಮಾವ ನನ್ನ ಪುಸ್ತಕದ ಕಡೆ ನೋಡಿದರು. ಆಮೇಲೆ ಎರಡು ಎಲೆ ಹಾಕಿ ಪಕ್ಕದಲ್ಲೇ ಕೂತು, ಕೈಮಾ ಉಂಡೆ ಮುರಿದು ಒಂದು ಚೂರು ಅತ್ತೆಯ ಬಾಯಿಗಿಟ್ಟು, ಒಂದು ಚೂರು ತಾವು ತಿಂದರು. ಮಧ್ಯಾಹ್ನ ಹೀಗೇ, ಸಂಜೆ ಹೀಗೇ. ಸೋಮವಾರ ಮೂರು ಹೊತ್ತೂ, ಇವರು ತಿಂದರೆ ಅವರು, ಅವರು ತಿಂದರೆ ಇವರು.

ಮಂಗಳವಾರ ಡಾಕ್ಟರ ತಕ್ಕಡಿ ತೊಂಬತ್ತೊಂದೂವರೆ ತೋರಿಸಿತು. "ಇಷ್ಟು ಇಳಿಸಿದೋರು ಕೊನೇಲಿ ಏನ್ರೀ ಮಾಡಿದ್ರಿ?" ಎಂದು ಅವರು ಬೇಜಾರಿನಿಂದಲೇ ಕೇಳಿದರಂತೆ. "ಮನೆಯೋಳ ಜೊತೆ ಊಟ ಮಾಡ್ದೆ ಸಾರ್" ಅಂದರಂತೆ ಮಾವ. ಅವರನ್ನು ಇಂಜಿನ್ನಿನಿಂದ ಇಳಿಸಿ ಲೋಕೋ ಷೆಡ್ಡಿನ ಕೆಲಸಕ್ಕೆ ಹಾಕಿದರು.

ಬುಧವಾರ ಮಧ್ಯಾಹ್ನ ಮಾವ ಮನೆಗೆ ಊಟಕ್ಕೆ ಬಂದಿದ್ದರು. ಶಿವಮೊಗ್ಗದ ಗಾಡಿ ಬೇರೆಯವರ ಕೈಯಲ್ಲಿ ಸಿಳ್ಳೆ ಹಾಕುತ್ತ ಹೊರಟಿತು. ತುತ್ತು ಹಿಡಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈಯಲ್ಲಿ ಸೌಟು ಹಿಡಿದು, ಅತ್ತೆ ಬೇಡ ಬೇಡವೆನ್ನುತ್ತಿದ್ದರೂ ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು.