ಉಂಡಿ, ಪಟಾಕಿ ಮತ್ತು ನನ್ನ ಹತ್ತು ನಿಮಿಷ

ಲಂಡನ್ನಿನ ಎಜ್‌ವೇರ್‌ನಲ್ಲಿ ಧಾರವಾಡದ ಡಾಕ್ಟರ್ ದಂಪತಿಯ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನ ಗಂಟಲಲ್ಲಿ ಇನ್ನೂ ಇಪ್ಪತ್ತು ಜನ ಬಾಡಿಗೆಗಿದ್ದರು. ನಾರ್ದರ್ನ್ ಲೈನ್ ರೈಲಿನಲ್ಲಿ ಮುಂದಿನ ನಿಲ್ದಾಣ ಸಾರುವ ಹೆಂಗಸು, ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯ ಗುಜರಾತಿ ಸೇಠ್, ನಮ್ಮ ಕಾಲೇಜಿನ ಮೂಗಿನಲ್ಲೇ ಪಾಠ ಮಾಡುವ ಮೇಷ್ಟ್ರು, ಹೀಗೆ ಕಿವಿಗೆ ಬಿದ್ದವರೆಲ್ಲ ಬಂದು ಒಳಗೆ ಕೂತುಬಿಡುತ್ತಿದ್ದರು. ಅವರನ್ನೆಲ್ಲ ಒಮ್ಮೆ ವೇದಿಕೆ ಹತ್ತಿಸಿ ಚಪ್ಪಾಳೆ ಗಿಟ್ಟಿಸಬೇಕು ಎಂಬುದೇ ನನ್ನ ಜೀವನದ ಪರಮ ಗುರಿಯಾಗಿತ್ತು. ಅಕೌಂಟೆನ್ಸಿ ಓದುತ್ತಿದ್ದದ್ದು ಬರೀ ವೀಸಾಕ್ಕೆ.

ನಮ್ಮ ಡಾಕ್ಟ್ರೇ ಕನ್ನಡ ಸಂಘದ ಅಧ್ಯಕ್ಷರು. ಬೇಸಿಗೆಯಿಂದ ಅವರ ಬೆನ್ನು ಬಿದ್ದಿದ್ದೆ. ಕೊನೆಗೆ ಶನಿವಾರದ ದೀಪಾವಳಿ ಕಾರ್ಯಕ್ರಮದಲ್ಲಿ, ಭರತನಾಟ್ಯಕ್ಕೂ ಊಟಕ್ಕೂ ನಡುವೆ, ಮಿಮಿಕ್ರಿಗೆ ಹತ್ತು ನಿಮಿಷ ಮಂಜೂರಾಯಿತು.

“ಹತ್ತು ನಿಮಿಷ ಕೊಡೋಣು. ಆದ್ರ ಒಂದು ಮಾತು,” ಎಂದರು ಡಾಕ್ಟ್ರು. “ಕಮಿಟಿಯವರ ಧ್ವನಿ ತಗೀಬಾರ್ದು. ಅದ್ರಾಗೂ ನಂದು!”

“ಛೆ ಛೆ, ನಿಮ್ಮದನ್ನ ತೆಗೀತೀನಾ ಸಾರ್!” ಎಂದೆ, ಕೈಯನ್ನು ಎದೆಯ ಮೇಲಿಟ್ಟುಕೊಂಡು.

ನಿಜ ಹೇಳಬೇಕೆಂದರೆ, ನನ್ನ ಇಪ್ಪತ್ತು ಬಾಡಿಗೆದಾರರಲ್ಲಿ ಡಾಕ್ಟ್ರ ಗೊರಕೆಯೂ ಒಂದು! ನನ್ನ ಕೋಣೆಗೂ ಅವರ ಕೋಣೆಗೂ ಮಧ್ಯೆ ಇದ್ದದ್ದು ಇಂಗ್ಲಿಷರು ಗೋಡೆ ಎಂದು ಕರೆಯುವ ಒಂದು ರಟ್ಟು. ‘ಘರ್ರ್ರ್’ ಎಂದು ಏರಿ, ‘ಖೊಟಕ್’ ಎಂದು ನಿಂತು, ಕೇಳುವವರ ಜೀವ ಬಾಯಿಗೆ ಬರುವ ಹೊತ್ತಿಗೆ ‘ಫುಸ್ಸ್‌ಸ್’ ಎಂದು ಇಳಿಯುವ ಆ ಗೊರಕೆಯನ್ನು ವರ್ಷವಿಡೀ ಕೇಳಿ ಕಂಠಪಾಠ ಮಾಡಿಕೊಂಡಿದ್ದೆ. ಆದರೆ ಡಾಕ್ಟ್ರು ತಾವು ಗೊರಕೆ ಹೊಡೆಯುತ್ತೇವೆಂದು ಒಪ್ಪಿದವರೇ ಅಲ್ಲ. ಹೆಂಡತಿ ಶಾಂತಕ್ಕ ದಿನಾ ಬೆಳಿಗ್ಗೆ ಕೆಂಪು ಕಣ್ಣಿನಿಂದ ಚಹಾ ತಂದಿಟ್ಟು ದೂರಿದರೆ, “ನಾ ಕಿವಿ, ಮೂಗು, ಗಂಟಲಿನ ಡಾಕ್ಟರ್ ಇದ್ದೀನಿ. ಗೊರಕಿ ಹೊಡದ್ರ ನನಗ ಗೊತ್ತಾಗೂದಿಲ್ಲೇನು?” ಎಂದು ಪೇಪರ್ ಬಿಡಿಸುತ್ತಿದ್ದರು.

ಆ ಮನೆಯ ನಾಲ್ಕನೆಯ ಸದಸ್ಯೆ ಉಂಡಿ ಎಂಬ ನಾಯಿ. ಬೇಸನ್ ಉಂಡೆಯ ಬಣ್ಣ, ಬೇಸನ್ ಉಂಡೆಯದೇ ಆಕಾರ, ಅದಕ್ಕೆ ನಾಲ್ಕು ಕಾಲು. ಲಂಡನ್ನಿನಲ್ಲೇ ಹುಟ್ಟಿದರೂ ಅಪ್ಪಟ ಧಾರವಾಡ ಕನ್ನಡ ಬಿಟ್ಟು ಬೇರೆ ಭಾಷೆ ಅದಕ್ಕೆ ಬಾರದು. ನಾನು ಮೈಸೂರು ಕನ್ನಡದಲ್ಲಿ “ಬಾ ಮರಿ, ಕೂತ್ಕೋ” ಎಂದರೆ, ವೀಸಾ ಆಫೀಸಿನವರು ನೋಡುವ ಹಾಗೆ ನನ್ನನ್ನು ನೋಡುತ್ತಿತ್ತು.

ಆ ಶನಿವಾರಕ್ಕೆ ಮೊದಲೇ ನವೆಂಬರ್ ಐದು ಬಂತು. ಎಂದೋ ಒಬ್ಬ ಪಾರ್ಲಿಮೆಂಟಿಗೆ ಮದ್ದು ಇಡಲು ಹೋಗಿ ಸಿಕ್ಕಿಬಿದ್ದನೆಂದು ಇಂಗ್ಲಿಷರು ಇವತ್ತಿಗೂ ಊರೆಲ್ಲ ಪಟಾಕಿ ಹೊಡೆಯುವ ದಿನ. ಅವತ್ತೇ ಸಂಜೆ ಡಾಕ್ಟ್ರಿಗೂ ಶಾಂತಕ್ಕನಿಗೂ ಕ್ವೀನ್ಸ್‌ಬರಿಯಲ್ಲಿ ಕಮಿಟಿ ಮೀಟಿಂಗು.

“ಸುಧೀ, ಉಂಡಿ ಪಟಾಕಿಗೆ ಭಾಳ ಅಂಜತೈತಿ,” ಎಂದರು ಶಾಂತಕ್ಕ ಕೋಟು ಹಾಕಿಕೊಳ್ಳುತ್ತ. “ಹ್ವಾದ ವರ್ಷ ಎರಡು ದಿನ ಕೂಳು ಮುಟ್ಟಲಿಲ್ಲ. ಬಾಗಿಲಾ ತಗೀಬ್ಯಾಡ, ಸಮಾಧಾನ ಮಾಡು.”

“ನೀವೇನೂ ಯೋಚ್ನೆ ಮಾಡ್ಬೇಡಿ ಅಕ್ಕಾ. ಮೈಸೂರಲ್ಲಿ ಆನೆಪಟಾಕಿ ಹೊಡೀತಿದ್ರೆ ಪಕ್ಕದಲ್ಲೇ ನಮ್ಮ ಬೀದಿ ನಾಯಿಗಳು ನಿದ್ದೆ ಮಾಡ್ತಿದ್ವು.”

“ಉಂಡಿಗೆ ಏನರ ಆತು ಅಂದ್ರ, ನಿನ್ನ ಹತ್ತು ನಿಮಿಷ ಮರತಬಿಡು,” ಎಂದು ಡಾಕ್ಟ್ರು ಕಾರಿನ ಕೀ ಅಲ್ಲಾಡಿಸಿದರು.

ಕಾರು ತಿರುವು ದಾಟಿತೋ ಇಲ್ಲವೋ, ಮೊದಲ ರಾಕೆಟ್ಟು ಹಾರಿತು. ಉಂಡಿ ಸೋಫಾದ ಕೆಳಗೆ ಹೋಯಿತು. ಅಲ್ಲಿಂದ ಬರುತ್ತಿದ್ದದ್ದು ನಡುಗುವ ಶಬ್ದ ಒಂದೇ.

ಚಿಂತೆಯಿಲ್ಲ! ಟಿವಿ ಜೋರಾಗಿ ಇಟ್ಟರೆ ಹೊರಗಿನ ಸದ್ದು ಕೇಳಿಸದು ಎಂದು ಪಕ್ಕದ ಮನೆಯ ಡೋರೀನ್ ಅಜ್ಜಿ ಬೆಳಿಗ್ಗೆಯೇ ಬೇಲಿಯ ಮೇಲಿಂದ ಉಪದೇಶಿಸಿದ್ದರು. ಟಿವಿ ಹಾಕಿ, ಸದ್ದು ತುತ್ತತುದಿಗೆ ಏರಿಸಿದೆ. ಟಿವಿಯಲ್ಲಿ ಅವತ್ತು ಏನು ತೋರಿಸುತ್ತಿದ್ದರು? ಪಟಾಕಿ! ಇಡೀ ಲಂಡನ್ನಿನ ಪಟಾಕಿ ನಮ್ಮ ಹಾಲಿನೊಳಗೇ ಸಿಡಿಯಿತು. ಅಷ್ಟು ಹೊತ್ತೂ ಪಟಾಕಿ ಹೊರಗೆ ಇದೆ ಎಂದಾದರೂ ಉಂಡಿಗೆ ಧೈರ್ಯವಿತ್ತು. ಈಗ ಸೋಫಾದ ಕೆಳಗಿನಿಂದ ಹಾರಿ, ಮೆಟ್ಟಿಲ ಮೇಲೆ ಓಡಿ, ಅರ್ಧದಲ್ಲಿ ನಿಂತು, ಮೇಲೆ ಹೋಗಲೋ ಕೆಳಗೆ ಬರಲೋ ತಿಳಿಯದೆ ಊಳಿಡತೊಡಗಿತು. ಸರಿಯಾಗಿ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ಆಗ ನನ್ನೊಳಗಿನ ಕಲಾವಿದ ಎದ್ದ. ಉಂಡಿಗೆ ಬೇಕಾಗಿರುವುದು ಶಾಂತಕ್ಕನ ಧ್ವನಿ. ಅದು ನನ್ನ ಸ್ಟಾಕಿನಲ್ಲೇ ಇದೆಯಲ್ಲ!

“ಉಂಡೀ, ನನ ಬಂಗಾರಾ, ಯಾಕ ಅಂಜತಿ? ನಾ ಬಂದೀನಲ್ಲ,” ಎಂದೆ. ಬಳೆಯ ಸದ್ದೊಂದು ಬಿಟ್ಟು ಸಾಕ್ಷಾತ್ ಶಾಂತಕ್ಕ!

ಉಂಡಿ ಬಾಲ ಅಲ್ಲಾಡಿಸುತ್ತ ಓಡಿತು, ನನ್ನ ಹತ್ತಿರಕ್ಕಲ್ಲ, ಮುಂಬಾಗಿಲಿಗೆ. ಬಾಗಿಲು ಮೂಸಿತು, ಅಮ್ಮ ಇಲ್ಲ. ತಿರುಗಿ ನೋಡಿತು, ನಾನು. ಮತ್ತೆ ಕರೆದೆ, ಮತ್ತೆ ಬಾಗಿಲಿಗೆ ಓಡಿತು. ಧ್ವನಿ ಇದೆ, ಅಮ್ಮ ಇಲ್ಲ! ಪಾಪ, ಅದಕ್ಕೆ ಪಟಾಕಿಯ ಭಯದ ಜೊತೆಗೆ ದೆವ್ವದ ಭಯವೂ ಸೇರಿತು.

ಧ್ವನಿ ಬಾಗಿಲ ಆಚೆಯಿಂದ ಬಂದರೆ ನಂಬುತ್ತದೆ ಎಂದು ಹೊಳೆಯಿತು. ಸದ್ದಾಗದಂತೆ ಹೊರಗೆ ಜಾರಿ, ಬಾಗಿಲು ಎಳೆದುಕೊಂಡು, ಕಾಗದ ಹಾಕುವ ಸೀಳಿಗೆ ಬಾಯಿಟ್ಟು ಕುಕ್ಕರಗಾಲಿನಲ್ಲಿ ಕೂತೆ.

“ಉಂಡೀ, ಬಾಗಿಲಾ ತಗೀತೀನಿ ತಡಿ!” ಎಂದೆ.

ತೆಗೆಯುವುದು ಹೇಗೆ? ಎಳೆದರೆ ತಾನೇ ಬೀಗ ಬೀಳುವ ಬಾಗಿಲದು. ಕೀ ಒಳಗೆ. ನಾನು ಹೊರಗೆ, ಹವಾಯಿ ಚಪ್ಪಲಿಯಲ್ಲಿ, ನವೆಂಬರ್ ಚಳಿಯಲ್ಲಿ! ಒಳಗೆ ಉಂಡಿ ಅಳುತ್ತಿತ್ತು. ತಲೆಯ ಮೇಲೆ ರಾಕೆಟ್ಟುಗಳು. ನನ್ನ ಹತ್ತು ನಿಮಿಷ ಕಣ್ಣೆದುರೇ ಹೊಗೆಯಾಗುತ್ತಿತ್ತು.

“ಆರ್ ಯೂ ಆಲ್‌ರೈಟ್, ಲವ್?”

ಡೋರೀನ್ ಅಜ್ಜಿ! ಹೆಂಗಸಿನ ಧ್ವನಿಯಲ್ಲಿ ಬಾಗಿಲಿನ ಸೀಳನ್ನು ಮುದ್ದು ಮಾಡುತ್ತಿದ್ದ ಗಂಡುಹುಡುಗನನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ! ಗಾಬರಿಯಲ್ಲಿ ನನ್ನ ಸ್ವಂತ ಧ್ವನಿಯೇ ಸಿಗಲಿಲ್ಲ. ಶಾಂತಕ್ಕನ ಧ್ವನಿಯಲ್ಲೇ “ಯೆಸ್, ಡೋರೀನ್!” ಎಂದುಬಿಟ್ಟೆ. ಅಜ್ಜಿ ಹಿಂದಕ್ಕೂ ಮುಂದಕ್ಕೂ ನೋಡಿದರು, ಶಾಂತಕ್ಕ ಎಲ್ಲಿ ಎಂದು. ಕೊನೆಗೆ ಶಾಂತಕ್ಕ ಅವರ ಬಳಿ ಕೊಟ್ಟಿಟ್ಟಿದ್ದ ಇನ್ನೊಂದು ಕೀ ತಂದು ಬಾಗಿಲು ತೆರೆದು, “ಗೋ ಇನ್ಸೈಡ್, ಡಿಯರ್. ಹ್ಯಾವ್ ಎ ಲೈ ಡೌನ್,” ಎಂದು ಬೆನ್ನು ತಟ್ಟಿದರು.

ಅವರ ಮಾತು ಮೀರಲಿಲ್ಲ. ಮಲಗಿದೆ. ಎಲ್ಲಿ ಎಂದರೆ, ಡಾಕ್ಟ್ರ ಮಂಚದ ಕೆಳಗೆ! ಉಂಡಿ ಅಲ್ಲಿ ಗೋಡೆಗೆ ಒತ್ತಿಕೊಂಡು ಕೂತಿತ್ತು. ಅದನ್ನು ಹಿಡಿಯಲು ತೆವಳಿದೆ, ಸೊಂಟದವರೆಗೆ ಹೋದೆ. ಮುಂದೆ ಹೋಗಲು ಸೂಟ್‌ಕೇಸು ಬಿಡದು, ಹಿಂದೆ ಬರಲು ಮಂಚದ ಪಟ್ಟಿ ಬಿಡದು. ಉಂಡಿಯ ಎದೆ ಡಬಡಬ ಎನ್ನುವುದು ನನ್ನ ಕೈಗೆ ತಾಗುತ್ತಿತ್ತು. ಮಿಮಿಕ್ರಿ ಮರೆತೇಹೋಯಿತು. “ಸುಮ್ನಿರು ಮರಿ, ಏನೂ ಆಗಲ್ಲ ಕಣೇ,” ಎಂದೆ, ನನ್ನದೇ ಧ್ವನಿಯಲ್ಲಿ. ಅದಕ್ಕೆ ಅರ್ಥವಾಗಲಿಲ್ಲ. ನನ್ನ ಸ್ವಂತ ಧ್ವನಿಗೆ ಆ ಮನೆಯಲ್ಲಿ ಬೆಲೆಯೇ ಇರಲಿಲ್ಲ.

ದಿನಾ ಇದೇ ಮಂಚದ ಪಕ್ಕ ಬುಟ್ಟಿಯಲ್ಲಿ ಆರಾಮವಾಗಿ ಮಲಗುವ ನಾಯಿ ಇದು. ಆಗ ಏನು ಕೇಳಿಸುತ್ತಿರುತ್ತದೆ ಇದಕ್ಕೆ?

ತಕ್ಷಣ ಹೊಳೆಯಿತು.

“ಘರ್ರ್ರ್... ಖೊಟಕ್... ಫುಸ್ಸ್‌ಸ್.”

ಉಂಡಿಯ ಕಿವಿ ನಿಮಿರಿತು. ಎರಡನೆಯ ಸುತ್ತಿಗೆ ನಡುಕ ಕಡಿಮೆಯಾಯಿತು. ನಾಲ್ಕನೆಯದಕ್ಕೆ ತೆವಳಿ ಬಂದು ಗಲ್ಲವನ್ನು ನನ್ನ ಅಂಗೈ ಮೇಲಿಟ್ಟಿತು. ಹೊರಗೆ ಲಂಡನ್ನೇ ಹೊತ್ತಿ ಉರಿಯುವಂತೆ ಸಿಡಿಯುತ್ತಿದ್ದರೂ ಉಂಡಿ ನಿದ್ದೆಹೋಯಿತು! ಆದರೆ ನಾನು ನಿಲ್ಲಿಸಿದರೆ ಒಂದು ಕಣ್ಣು ತೆರೆಯುತ್ತಿತ್ತು. ನಿಲ್ಲಿಸದೆ ಹೊಡೆದೆ. ಗಂಟಲು ಒಣಗಿ ತೆಂಗಿನ ನಾರಾಗುವವರೆಗೂ ಹೊಡೆದೆ.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲ ಬುಡದಲ್ಲಿ ಶಾಂತಕ್ಕನ ಧ್ವನಿ. ಈ ಸಲ ನಿಜವಾದದ್ದು.

“ಅಯ್ಯ! ಏನ್ರೀ, ನೀವು ಇಲ್ಲೇ ಇದ್ದೀರಿ?”

“ಮತ್ತ ಎಲ್ಲಿರ್ಲಿ?”

“ಹಂಗಾರ ಮ್ಯಾಲ ಮಲಗಿದವ್ರು ಯಾರು?”

ಇಬ್ಬರೂ ಮೇಲೆ ಬಂದರು. ದೀಪ ಹತ್ತಿತು. ಮಂಚದಿಂದ ಹೊರಗಿದ್ದ ನನ್ನ ಎರಡು ಕಾಲು ಅವರನ್ನು ಸ್ವಾಗತಿಸಿದವು. ಡಾಕ್ಟ್ರು ಮಂಡಿಯೂರಿ ಬಗ್ಗಿ, ಕಿವಿಗೊಟ್ಟು ಕೇಳಿದರು, ತಜ್ಞರ ಗಾಂಭೀರ್ಯದಿಂದ.

“ಶಾಂತಾ, ಇಷ್ಟು ಕೆಟ್ಟ ಗೊರಕಿ ನನ್ನ ಸರ್ವೀಸಿನಾಗ ಕೇಳಿಲ್ಲ! ನಡುವ ಉಸಿರು ನಿಂದರತೈತಿ ನೋಡು. ಪಾಪ ಹುಡುಗಾ! ನಾಳೆ ಇವನ್ನ ಲಗ್ನಾ ಆಗೂ ಹುಡುಗಿ ಹೆಂಗ ಬಾಳ್ವಿ ಮಾಡ್ಬೇಕು?”

“ನನ್ನ ಕೇಳ್ರಿ, ಹೇಳ್ತೀನಿ,” ಎಂದರು ಶಾಂತಕ್ಕ.

ನನ್ನನ್ನು ಕಾಲು ಹಿಡಿದು ಎಳೆದರು. ಜೊತೆಗೆ ಉಂಡಿಯೂ ಬಂತು, ಅಂಗೈ ಮೇಲೆ ನಿದ್ದೆಯಲ್ಲೇ.

“ಡಾಕ್ಟ್ರೇ, ಇದು ನನ್ನ ಗೊರಕೆ ಅಲ್ಲ...” ಎಂದು ಪಿಸುಗುಟ್ಟಿದೆ.

“ಎಲ್ಲಾ ಪೇಷಂಟ್ ಹಿಂಗ ಅಂತಾರ! ಯಾರೂ ಒಪ್ಪೂದಿಲ್ಲ,” ಎಂದರು ಡಾಕ್ಟ್ರು.

ಮತ್ತೆ ಯಾರದು ಎಂದು ಹೇಳಲೇ? ಹೇಳಿದರೆ ಅಧ್ಯಕ್ಷರ ನಕಲು, ಹತ್ತು ನಿಮಿಷ ಹೋಯಿತು! ಬಾಯಿ ಮುಚ್ಚಿಕೊಂಡೆ. ಶಾಂತಕ್ಕ ನನ್ನನ್ನೇ ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಸೆರಗು ಬಾಯಿಗೆ ತುರುಕಿಕೊಂಡು ಬಚ್ಚಲಮನೆಗೆ ಓಡಿದರು. ಅಲ್ಲಿಂದ ಬಹಳ ಹೊತ್ತು ಕೆಮ್ಮಿನಂಥ ಶಬ್ದ ಬರುತ್ತಿತ್ತು.

ಡಾಕ್ಟ್ರು ನನ್ನ ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿ, ನಿಟ್ಟುಸಿರಿಟ್ಟರು. “ನಾಳೆ ನಿನ್ನ ಜಿಪಿ ಡಾಕ್ಟರ್ ಕಡೆ ಹೋಗು. ಶನಿವಾರ ಸ್ಟೇಜ್ ಬ್ಯಾಡ, ತಮ್ಮಾ. ಇಂಥಾ ಉಸಿರು ಇಟ್ಕೊಂಡು ಮೈಕ್ ಮುಂದ ಬಿದ್ದಿ ಅಂದ್ರ ನಿಮ್ಮವ್ವಗ ನಾ ಏನು ಹೇಳ್ಲಿ? ಮನ್ಯಾಗ ರೆಸ್ಟ್ ಮಾಡು. ಹೆಂಗೂ ಅವತ್ತೂ ಪಟಾಕಿ ಇರ್ತಾವ. ಉಂಡಿ ನಿನ್ನ ಭಾಳ ಹಚ್ಕೊಂಡೈತಿ.”

ಹಾಗಾಗಿ ಶನಿವಾರ ನನ್ನ ಮೊದಲ ಸಾರ್ವಜನಿಕ ಪ್ರದರ್ಶನ ಮಂಚದ ಕೆಳಗೇ ನಡೆಯಿತು. ಹತ್ತು ನಿಮಿಷದ ಬದಲು ಪೂರಾ ಮೂರು ಗಂಟೆ ಸಿಕ್ಕಿತು. ಪ್ರೇಕ್ಷಕರು ಒಬ್ಬರೇ. ಅವರೂ ಮೊದಲ ‘ಫುಸ್ಸ್‌ಸ್’ಗೇ ನಿದ್ದೆಹೋದರು!