ಅರ್ಧ ಸೇರು ಹಸಿ ಬೀಜ

ಒಂಬತ್ತು ವರ್ಷಗಳ ಹಿಂದೆ, ಭಾಂಡುಪಿನ ಚಾಳಿನ ಖೋಲಿಯ ಕೀಲಿಕೈ ಇಸಿದುಕೊಳ್ಳುವಾಗ ಶೆಟ್ಟೆಪ್ಪ ತನ್ನ ಸೋದರಮಾವ ಸಿದ್ದಲಿಂಗಪ್ಪನವರಿಗೆ ಒಂದು ಮಾತು ಕೊಟ್ಟಿದ್ದ.

"ನಾ ಯಾವಾಗ ಬಂದ್ರೂ ಮುಂಜಾನೆ ಎಲೆ ಚಹಾ, ಸಂಜೀಕ ಬೀಜದ ಕಾಫಿ. ಪಾಕೀಟಿನ ಧೂಳು, ಹೋಟೆಲಿನ ಪುಡಿ ನನ್ನ ಮುಂದ ಬಂದ ದಿನ ಖೋಲಿ ಖಾಲಿ. ಒಪ್ಪಿಗೇನೋ?" ಎಂದು ಮಾವ ಕೇಳಿದ್ದರು.

"ಒಪ್ಪಿಗೇರಿ ಮಾವಾ."

ಖೋಲಿ ಸಿಗುವುದಾದರೆ ದಿನಾ ಹುಲಿಯ ಹಾಲು ಕರೆದು ಕೊಡಲಿಕ್ಕೂ ಆವತ್ತು ಅವನು ಒಪ್ಪುತ್ತಿದ್ದ. ಮಾವ ಗಿರಣಿಯ ಕೆಲಸ ಮುಗಿಸಿ ಧಾರವಾಡ ಸೇರಿದರು. ಒಂಬತ್ತು ವರ್ಷ ಇತ್ತ ತಲೆ ಹಾಕಲಿಲ್ಲ. ಬಾಡಿಗೆ ಚೀಟಿ ಮಾತ್ರ ಅವರ ಹೆಸರಿನಲ್ಲೇ ಉಳಿಯಿತು. ಶೆಟ್ಟೆಪ್ಪ ಮಾತನ್ನು ಮರೆತ, ಎಲ್ಲರಂತೆ ಪಾಕೀಟಿನ ಧೂಳು ಕುಡಿದು ಸುಖವಾಗಿದ್ದ.

ಆ ಮುಂಜಾನೆ ಕಾರ್ಡು ಬಂತು. "ಸೋಮವಾರ ಸಂಜೆ ಐದರ ಗಾಡಿಗೆ ದಾದರಿನಲ್ಲಿ ಇಳಿಯುತ್ತೇನೆ. ಮಾತು ನೆನಪಿದೆಯಷ್ಟೆ?"

ಸೋಮವಾರವೆಂದರೆ ಇವತ್ತೇ. ಸ್ಟೇಶನ್ ಹೊರಗೆ ಗೋಣಿಚೀಲ ಕಟ್ಟಿಕೊಂಡು ಸಂಸಾರ ಮಾಡುವವರನ್ನು ಅವನು ದಿನಾ ನೋಡುತ್ತಿದ್ದ. ಇವತ್ತು ಆ ಗೋಣಿಯ ಹಿಂದೆ ಹೆಂಡತಿ ದಾನವ್ವನ ಮುಖ, ಮೂರು ಮಕ್ಕಳ ಮುಖ ಕಂಡಂತಾಯಿತು.

"ದಾನವ್ವಾ, ನನಗ ಜ್ವರ, ಇವತ್ತ ಕೆಲಸಕ್ಕ ಬರಾಂಗಿಲ್ಲ ಅಂತ ಪೇಢಿಗೆ ಹೇಳಿ ಕಳಸು!"

"ಜ್ವರ ಬಂದೈತೇನ್ರಿ?" ಎಂದು ಹೆಂಡತಿ ಹಣೆ ಮುಟ್ಟಲು ಬಂದಳು.

"ಸಂಜೀಕ ಬರತೈತಿ!" ಎಂದು ಅವನು ಓಡಿದ.

ಮೊದಲು ಚಹಾ. ಮಸೀದಿ ಬಂದರಿನ ಅಂಗಡಿಗಳಲ್ಲಿ ಎಲೆ ಚಹಾಕ್ಕೆ ಬರವಿರಲಿಲ್ಲ, ನಂಬಿಕೆಗೆ ಇತ್ತು. ಕುಡಿದು ಚೆಲ್ಲಿದ ಎಲೆಯನ್ನೇ ಒಣಗಿಸಿ, ಬಣ್ಣ ಹಾಕಿ ಮಾರುವವರಿದ್ದರು. ಮಾವ ಕಲಿಸಿದ ಪರೀಕ್ಷೆ ನೆನಪಾಯಿತು: ಎಲೆಯನ್ನು ಒದ್ದೆ ಬಟ್ಟೆಯ ಮೇಲೆ ಉದುರಿಸಬೇಕು, ಕಳ್ಳ ಎಲೆಯಾದರೆ ಬಟ್ಟೆ ಕೆಂಪಾಗುತ್ತದೆ. ಮೊದಲ ಅಂಗಡಿಯಲ್ಲಿ ಕರವಸ್ತ್ರ ಕೆಂಪಾಯಿತು. ಎರಡನೆಯದರಲ್ಲಿ ಅದರ ಇನ್ನೊಂದು ತುದಿ. ಮೂರನೆಯದರಲ್ಲಿ ಅಂಗಿಯ ತೋಳು, ನಾಲ್ಕನೆಯದರಲ್ಲಿ ಧೋತರದ ಅಂಚು. ಐದನೆಯ ಅಂಗಡಿಯ ಎಲೆ ಬಣ್ಣ ಬಿಡಲಿಲ್ಲ. ಕಟ್ಟಿಸಿಕೊಂಡು ಸ್ಟೇಶನ್ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ದಪ್ಪ ಕೈ ಹೆಗಲ ಮೇಲೆ ಬಿತ್ತು.

"ಕಾಯ ರೇ, ಹೇ ರಕ್ತ ಕುಣಾಚಂ?" ಹವಾಲ್ದಾರ ಕೇಳಿದ, ಇದು ಯಾರ ರಕ್ತವೆಂದು.

ಶೆಟ್ಟೆಪ್ಪನಿಗೆ ಬರುತ್ತಿದ್ದ ಅಷ್ಟಿಷ್ಟು ಮರಾಠಿಯೂ ಮರೆತುಹೋಯಿತು. "ಚಹಾ... ಚಹಾ ಸಾಬ್..." ಎಂದು ಪೊಟ್ಟಣ ಬಿಚ್ಚಿದ. ಹವಾಲ್ದಾರ ಮೂಸಿದ, ಕಣ್ಣು ಅರಳಿಸಿದ, ತಪಾಸಣೆಗೆಂದು ಮುಕ್ಕಾಲು ಪಾಲು ತನ್ನ ಜೇಬಿಗೆ ಸುರಿದುಕೊಂಡು, "ಪಳ" ಎಂದ. ಇನ್ನೊಮ್ಮೆ ಓಡೆಂದು ಹೇಳಿಸಿಕೊಳ್ಳುವ ಮೊದಲೇ ಶೆಟ್ಟೆಪ್ಪ ಲೋಕಲ್‌ನೊಳಗಿದ್ದ.

ಮಾಟುಂಗಾದಲ್ಲಿ ಹೋಟೆಲಿನ ಕಾಂತಪ್ಪ ಗಲ್ಲದ ಮೇಲೆ ಕೈಯಿಟ್ಟುಕೊಂಡು ಎಲ್ಲ ಕೇಳಿದ. ಉಡುಪಿ ಕಡೆಯವನು, ಸಮಾಧಾನದ ಮನುಷ್ಯ.

"ಪುಡಿ ಕೊಡ್ಬಹುದು ಮಾರಾಯ್ರೆ. ಆದ್ರೆ ಅದ್ರಲ್ಲಿ ಚಿಕೋರಿ ಉಂಟು, ಸುಳ್ಳು ಯಾಕೆ ಹೇಳುದು?"

"ಚಿಕೋರಿ ಅಂದ್ರ ನನ್ನ ಮನಿ ಹೋತ್ರಿ!"

"ಹಾಗಾದ್ರೆ ಹಸಿ ಬೀಜವೇ ತಗೊಂಡು ಹೋಗಿ. ಅರ್ಧ ಸೇರು ಕೊಡ್ತೇನೆ. ಸಣ್ಣ ಬೆಂಕಿಯಲ್ಲಿ ಹುರೀಬೇಕು, ಆಮೇಲೆ ಪುಡಿ ಮಾಡ್ಬೇಕು. ಹೆದ್ರಬೇಡಿ, ಕಾಫಿಯಿಂದ ಯಾರೂ ಸತ್ತದ್ದಿಲ್ಲ."

ಭಾಂಡುಪ್ ತಲುಪಿದಾಗ ನಾಲ್ಕು ದಾಟಿತ್ತು. ದಾನವ್ವ ಹಾಲಿನ ಸಾಲಿನಲ್ಲಿ ನಿಲ್ಲಲು ಹೋಗಿದ್ದಳು. ಖೋಲಿಯಲ್ಲಿ ಪಕ್ಕದ ಮನೆಯ ಕಾಶವ್ವ ಮಕ್ಕಳನ್ನು ಕಾಯುತ್ತ ಕೂತಿದ್ದಳು. ವಿಜಾಪುರದವಳು, ಚಾಳಿನಲ್ಲಿ ಯಾರ ಮನೆಯ ಅಡಿಗೆಯಾದರೂ ಅವಳ ಸೌಟು ಆಡದೆ ಇಳಿಯುತ್ತಿರಲಿಲ್ಲ.

"ಕಾಶಕ್ಕಾ, ಇದು ಮಾವಗ. ದಾನವ್ವ ಬಂದ ಕೂಡಲೆ..." ಅಷ್ಟರಲ್ಲಿ ಸ್ಟೇಶನ್ ಕಡೆಯಿಂದ ಲೋಕಲ್ ಗಾಡಿ ಭೋಂ ಎಂದಿತು. ಅದು ತಪ್ಪಿದರೆ ಮಾವ ದಾದರಿನಲ್ಲಿ ಒಂಟಿಯಾಗಿ ನಿಲ್ಲುತ್ತಾರೆ.

"ನೀ ಹೋಗೋ ತಮ್ಮಾ. ನಾ ಸತ್ತೀನೇನು? ನಾ ಎಲ್ಲಾ ನೋಡ್ಕೋತೀನಿ!"

ದಾದರಿನಲ್ಲಿ ಇಳಿದ ಸಿದ್ದಲಿಂಗಪ್ಪನವರು ಇನ್ನಷ್ಟು ದಪ್ಪವಾಗಿದ್ದರು, ಇನ್ನಷ್ಟು ಸಿಡುಕಾಗಿದ್ದರು. ದಾರಿಯುದ್ದಕ್ಕೂ ಒಂದೇ ಮಾತು.

"ಬೀಜ ತಂದೀಯೇನೋ?"

"ತಂದೀನ್ರಿ ಮಾವಾ."

"ಹುರದಾರೋ?"

"ಹುರೀಲಿಕ್ಕ ಹತ್ಯಾರ್ರಿ."

ಚಾಳಿನ ಮೆಟ್ಟಿಲು ಹತ್ತುವಾಗ ಶೆಟ್ಟೆಪ್ಪ ಗಾಳಿ ಮೂಸಿದ. ಹುರಿದ ಕಾಫಿಯ ವಾಸನೆ ಇಲ್ಲ. ಬೆಳ್ಳುಳ್ಳಿಯ ವಾಸನೆ. ಮಾವನನ್ನು ಗ್ಯಾಲರಿಯ ಕುರ್ಚಿಯಲ್ಲಿ ಕೂಡಿಸಿ ಒಳಗೆ ಹಾರಿದ.

ಕಾಶವ್ವ ಬೆವರು ಒರೆಸಿಕೊಂಡಳು. "ಎಂಥಾ ಜಿಗುಟು ಕಾಳು ತಂದೀಯೋ ತಮ್ಮಾ! ಸೋಡಾ ಹಾಕಿ ಒಂದೂವರಿ ತಾಸು ಕುದಿಸೀನಿ, ಇನ್ನೂ ಕಲ್ಲಾಗ್ಯಾವ. ಇರ್ಲಿ, ಕಟ್ಟು ಬಸದು ಬೆಳ್ಳುಳ್ಳಿ ಜಜ್ಜಿ ಹಾಕೀನಿ. ಇನ್ನ ಹುಣಸಿಹಣ್ಣು, ಖಾರ ಬಿದ್ರ ಸಾರಾತು. ಕಾಳು ಪಲ್ಯಾಕ್ಕ."

ಬೀಗರು ಬಂದಾಗ ಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡುವುದು ಅವಳ ಊರಿನ ಮರ್ಯಾದೆ. ಕಾಫಿ ಬೀಜವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ದಾನವ್ವನೂ ಕಂಡಿರಲಿಲ್ಲ, ಹಾಲಿನ ಚರಿಗೆ ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು.

"ಒಂದ ಬೀಜಾನೂ ಉಳದಿಲ್ಲೇನು?"

"ಬಂಗಾರದಂಥಾ ಕಾಳು, ಉಳಿಸಿ ಏನ್ ಮಾಡ್ಲಿ?" ಎಂದಳು ಕಾಶವ್ವ.

"ಲೇ, ಕಾಫಿ!" ಹೊರಗಿನಿಂದ ಗುಡುಗು ಬಂತು.

ಶೆಟ್ಟೆಪ್ಪ ಕಣ್ಣು ಮುಚ್ಚಿ, ಬಸಿದಿಟ್ಟ ಆ ಹಸಿರು ಕಟ್ಟಿನ ನೀರಿಗೆ ಹಾಲು ಸುರಿದ, ಸಕ್ಕರೆ ಸುರಿದ. ಲೋಟವನ್ನು ಒಯ್ದು ಮಾವನ ಕೈಗೆ ಕೊಟ್ಟ.

ಮಾವ ಒಂದು ಗುಟುಕು ಹೀರಿದರು. ಇನ್ನೊಂದು ಹೀರಿದರು. ಮುಖ ಕೆಂಪಾಯಿತು, ಕಣ್ಣು ಮೇಲೆ ಹೋಯಿತು, ಕೈ ಎದೆಗೆ ಬಂತು. ಕಾಂತಪ್ಪನ ಮಾತು ಸುಳ್ಳಾಯಿತೆಂದು ಶೆಟ್ಟೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಆಗ ಮಾವನ ಹೊಟ್ಟೆಯ ತಳದಿಂದ ಒಂದು ತೇಗು ಹೊರಟಿತು. ಗ್ಯಾಲರಿಯ ಕಟ್ಟೆಯ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಹಾರಿಹೋದವು.

"ಶಿವಾ ಶಿವಾ!" ಸಿದ್ದಲಿಂಗಪ್ಪನವರ ಕಣ್ಣಲ್ಲಿ ನೀರಾಡಿತು. "ಮೂರು ವರ್ಷದ ವಾಯು ಲೇ ಇದು! ಧಾರವಾಡದ ಡಾಕ್ಟರರೆಲ್ಲಾ ಕೈ ಚೆಲ್ಲಿದ್ರು. ಕಾಫಿ ಅಂದ್ರ ಇದು! ಯಾರು ಮಾಡಿದ್ರು?"

"ನಾನ್ರಿ ಯಪ್ಪಾ," ಎಂದಳು ಕಾಶವ್ವ, ಸೌಟು ಹಿಡಿದೇ.

"ದಿನಾ ಮೂರು ಹೊತ್ತು ಇದನ್ನ ಮಾಡಿಕೊಡ್ತೀ ಏನವಾ?"

"ಅದಕ್ಕೇನ್ರಿ, ಎರಡು ಬೆಳ್ಳುಳ್ಳಿ ಹೆಚ್ಚಿಗಿ ಹಾಕ್ತೀನಿ."

ಶೆಟ್ಟೆಪ್ಪನಿಗೆ ಉಸಿರು ಬಂತು. ಗೋಣಿಚೀಲದ ಸಂಸಾರ ಕಣ್ಣ ಮುಂದಿನಿಂದ ಮರೆಯಾಯಿತು. ದಾನವ್ವ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಹಂಗಾದ್ರ ಮುಗೀತು," ಎಂದರು ಮಾವ, ಚಪ್ಪಲಿ ಕಳಚುತ್ತ. "ಇಂಥಾ ಕಾಫಿ ಬಿಟ್ಟು ನಾ ಧಾರವಾಡದಾಗ ಯಾಕ ಕೂಡ್ಲಿ? ಇನ್ನ ಇಲ್ಲೇ ಇರಾಂವ. ಈ ಹತ್ತು ಫೂಟಿನ ಖೋಲ್ಯಾಗ ನೀವೂ ನಾನೂ ಹಿಡಿಸಾಂಗಿಲ್ಲ. ನೀ ಬ್ಯಾರೆ ಕಡೆ ನೋಡ್ಕೋ."

"ಮಾವಾ, ನಾ ಮಾತು ಉಳಿಸೀನಲ್ರೀ!"

"ಉಳಿಸೀಯಲ್ಲೋ ಮಗನ, ಅದಕ್ಕಽ ಎಂಟು ದಿನ ಕೊಡ್ತೀನಿ. ಇಲ್ಲಂದ್ರ ಇವತ್ತಽ ಹೊರಗ ಹಾಕ್ತಿದ್ದೆ."

ಹೀಗೆ ಶೆಟ್ಟೆಪ್ಪ ಒಂಬತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ಉಳಿಸಿಕೊಂಡ.